ಕಾಡ್ಗಿಚ್ಚಿನ ನಂತರ ನೆಚ್ಚಿನ ಬೆಟ್ಟಕ್ಕೆ ಮರಳುವಾಗ

ವರ್ಷವರ್ಷವೂ ಹೋಗಿ ಉಳಿದುಬರುವ ಬೆಟ್ಟದ ಬಳಿ ಕಾಡ್ಗಿಚ್ಚು ಹಬ್ಬಿ ಆರಿತೆಂಬ ಸುದ್ದಿ ತಿಳಿದ ಕೂಡಲೇ, ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರಬೇಕೆಂದು ಮನಸ್ಸು ಹಂಬಲಿಸುವುದು ಸಹಜ. ಬೆಂಕಿ ನಾವು ತಂಗುವ ಮನೆಯ ತನಕ ಬಾರದೆ ಪಕ್ಕದ ಕಣಿವೆಯಲ್ಲೇ ನಿಂತಿದ್ದರಂತೂ, ನಮ್ಮ ಜಾಗಕ್ಕೆ ಏನೂ ಆಗಿಲ್ಲ ಎಂಬ ಸಮಾಧಾನದಲ್ಲಿ ಎಚ್ಚರ ಸಡಿಲವಾಗುತ್ತದೆ. ಆದರೆ ಬೆಟ್ಟದಲ್ಲಿ ಅಪಾಯವು ಸುಟ್ಟ ಪ್ರದೇಶದ ಗಡಿಯೊಳಗೆ ನಿಲ್ಲುವುದಿಲ್ಲ. ಸುಟ್ಟ ಇಳಿಜಾರಿನಿಂದ ನೀರು, ಮಣ್ಣು, ಬಂಡೆ ಮತ್ತು ಬೂದಿ ಎಲ್ಲೆಲ್ಲಿ ಇಳಿದುಬರುತ್ತವೆಯೋ ಅಲ್ಲೆಲ್ಲ ಅದು ಹಿಂಬಾಲಿಸಿ ಬರುತ್ತದೆ. ಆದ್ದರಿಂದ ಮರಳುವ ದಿನವನ್ನು ನಿಶ್ಚಯಿಸುವಾಗ ಬೆಂಕಿ ಆರಿದ ದಿನಾಂಕಕ್ಕಿಂತ ಮುಂಬರುವ ಮಳೆಗೆ, ಗಾಳಿಗೆ ಮತ್ತು ನಿಮ್ಮ ತಾಣದ ಮೇಲಿರುವ ಇಳಿಜಾರಿನ ಸ್ಥಿತಿಗೆ ಹೆಚ್ಚು ಬೆಲೆ ಕೊಡಬೇಕು.

ಹೊರಡುವ ಮುನ್ನ

ಮೊದಲು ಅಧಿಕೃತ ಪ್ರಕಟಣೆಗಳನ್ನು ಸರಿಯಾಗಿ ಓದಿಕೊಳ್ಳಬೇಕು. ಬೆಂಕಿ ಶೇ. 80ರಷ್ಟು ಹತೋಟಿಗೆ ಬಂದಿದೆ ಎಂದು ಅಧಿಕಾರಿಗಳು ಹೇಳಿದರೆ, ಬೆಂಕಿಯ ಸುತ್ತಳತೆಯ ಅಷ್ಟು ಭಾಗದಲ್ಲಿ ಅದು ದಾಟಲಾರದಂಥ ತಡೆರೇಖೆ ಸಿದ್ಧವಾಗಿದೆ ಎಂದಷ್ಟೇ ತಿಳಿಯಬೇಕು. ಆ ರೇಖೆಯ ಒಳಗೆ ದಪ್ಪ ದಿಮ್ಮಿಗಳು, ಬೇರುಗಳು ಮತ್ತು ತರಗೆಲೆ ಕೊಳೆತು ಆದ ಪದರಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೊಗೆಯಾಡುತ್ತಿರಬಹುದು. ಶೇ. 100 ಎಂದು ಘೋಷಿಸಿದ ಮೇಲೂ ಈ ಮಾತು ಬದಲಾಗುವುದಿಲ್ಲ.

ಇದರ ಜೊತೆಗೆ, ಬೆಂಕಿಯ ಸ್ಥಿತಿಗೂ ಬೆಂಕಿಯ ನಂತರದ ಅಪಾಯಕ್ಕೂ ಸಂಬಂಧ ಎಷ್ಟು ತೆಳ್ಳಗಿದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಥಾಮಸ್ ಕಾಡ್ಗಿಚ್ಚು ಕಣ್ಣಿಗೆ ಕಟ್ಟುವ ಉದಾಹರಣೆ. 2017ರ ಡಿಸೆಂಬರ್ 4ರಂದು ಹೊತ್ತಿಕೊಂಡ ಆ ಬೆಂಕಿ ಮಾಂಟೆಸಿಟೊ ಎಂಬ ಊರಿನ ಮೇಲಿನ ಬೆಟ್ಟಸಾಲನ್ನು ಸುಟ್ಟಿತು. 2018ರ ಜನವರಿ 9ರ ಬೆಳಗಿನ ಜಾವ ಆ ಬೆಟ್ಟಗಳ ಮೇಲೆ ಸ್ವಲ್ಪ ಹೊತ್ತು ಸುರಿದ ಬಿರುಮಳೆಗೆ ಬಂಡೆ, ಮರ, ಕೆಸರು ಒಂದಾಗಿ ಹಳ್ಳಗಳಲ್ಲಿ ನುಗ್ಗಿಬಂದು 23 ಜನರ ಪ್ರಾಣ ಹೋಯಿತು. ಬೆಂಕಿ ಪೂರ್ಣವಾಗಿ ಹತೋಟಿಗೆ ಬಂತೆಂದು ಘೋಷಣೆಯಾದದ್ದು ಅದಾದ ಮೂರು ದಿನಗಳ ಮೇಲೆ, ಜನವರಿ 12ರಂದು. ಸತ್ತವರ ಮನೆಗಳು ಇದ್ದದ್ದು ಸುಟ್ಟ ಇಳಿಜಾರಿನಲ್ಲಲ್ಲ, ಅದರ ಬುಡದಲ್ಲಿ. ಹತ್ತಿರದಲ್ಲಿ ಬೆಂಕಿ ಬಿದ್ದ ತಾಣಕ್ಕೆ ಮರಳುವವರು ನೆನಪಿಡಬೇಕಾದ ಸಂಗತಿ ಇದು.

ಹೊರಡುವ ಮುನ್ನ ಮಾಡಬೇಕಾದ ಕೆಲಸಗಳಲ್ಲಿ ನಕ್ಷೆ ನೋಡುವುದಕ್ಕೆ ಹೆಚ್ಚು ಸಮಯ ಕೊಡಿ. ನಾಸಾ ಸಂಸ್ಥೆಯ ಫರ್ಮ್ಸ್ ಸೇವೆಯಲ್ಲಿ ಉಪಗ್ರಹಗಳು ಗುರುತಿಸಿದ ಬೆಂಕಿಯ ಬಿಂದುಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅದರಲ್ಲಿನ ವಿಐಐಆರ್‌ಎಸ್ ಉಪಕರಣದ ಒಂದು ಬಿಂದು ಸುಮಾರು 375 ಮೀಟರ್ ಅಗಲದ ನೆಲವನ್ನು ಸೂಚಿಸುತ್ತದೆ, ಹಳೆಯ ಮೋಡಿಸ್ ಉಪಕರಣದ ಬಿಂದು ಸುಮಾರು 1 ಕಿಲೋಮೀಟರ್ ಅಗಲದ್ದು. ಹಾಗಾಗಿ ಆ ಬಿಂದು ನಿಮ್ಮ ಮನೆಯ ಚಾವಣಿಯ ಮೇಲೆ ಬಿದ್ದಂತೆ ಕಂಡರೆ ಮನೆ ಸುಟ್ಟಿತೆಂದು ಎದೆಗೆಡಬೇಕಿಲ್ಲ. ಅಲ್ಲಿ ಬಿಂದುವೇ ಇಲ್ಲವೆಂದು ನಿಶ್ಚಿಂತರಾಗಿ ಕೂರುವುದೂ ಸಲ್ಲದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 10 ಮೀಟರ್‌ನಷ್ಟು ಸೂಕ್ಷ್ಮವಾಗಿರುವುದರಿಂದ, ಬೆಂಕಿಯ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಹೋಲಿಸಿದರೆ ಯಾವ ಮಗ್ಗುಲು ಪೂರ್ತಿ ಕರಕಲಾಗಿದೆ, ಯಾವುದರಲ್ಲಿ ಹಸಿರು ಉಳಿದಿದೆ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ನಕ್ಷೆಯಲ್ಲಿ ತಂಗುವ ಜಾಗವನ್ನು ಗುರುತಿಸಿದ ಮೇಲೆ, ಅದರ ಬಳಿ ಹರಿಯುವ ಪ್ರತಿಯೊಂದು ಹಳ್ಳವನ್ನೂ, ಬೇಸಿಗೆಯಲ್ಲಿ ಒಣಗಿ ನಿಲ್ಲುವ ಕಿರುಗಾಲುವೆಗಳನ್ನೂ ಬಿಡದೆ, ಮೇಲ್ಮುಖವಾಗಿ ಹುಟ್ಟುವ ಜಾಗದ ತನಕ ಅನುಸರಿಸಿ ನೋಡಿ. ಅದರ ಜಲಾನಯನದಲ್ಲಿ ಕಡಿದಾದ ಇಳಿಜಾರು ಸುಟ್ಟಿದ್ದರೆ ನಿಮ್ಮ ತಾಣವು ಬೆಂಕಿಯಿಂದ ಕೆಲವು ಕಿಲೋಮೀಟರ್ ದೂರವಿದ್ದರೂ ಅಪಾಯದ ದಾರಿಯಲ್ಲಿದೆ ಎಂದೇ ಎಣಿಸಬೇಕು. ಕಣಿವೆಯ ಬಾಯಿಯಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿಕೊಂಡ, ಸಮತಟ್ಟಾಗಿ ಸುಂದರವಾಗಿ ಕಾಣುವ ನೆಲವು ಹಿಂದೆ ಇಂಥ ಕೆಸರು ಪ್ರವಾಹಗಳೇ ತಂದು ಹಾಕಿದ ಮಣ್ಣಿನಿಂದ ಆಗಿರುವ ಸಂಭವ ಹೆಚ್ಚು. ಬೆಟ್ಟದಲ್ಲಿ ಕಟ್ಟಲು ಸಮನಾದ ಜಾಗ ಅಲ್ಲೇ ಸಿಗುವುದರಿಂದ ತಂಗುಮನೆಗಳೂ ಅಂಥಲ್ಲೇ ಹೆಚ್ಚಾಗಿ ಏಳುತ್ತವೆ. ಇದೇ ಕಣ್ಣಿನಿಂದ ದಾರಿಯನ್ನೂ ಪರೀಕ್ಷಿಸಿ. ಮನೆ ಸುರಕ್ಷಿತ ಏರಿನ ಮೇಲಿದ್ದು, ಅಲ್ಲಿಗೆ ಹೋಗುವ ಒಂದೇ ರಸ್ತೆ ಸುಟ್ಟ ಬೆಟ್ಟದ ಮಗ್ಗುಲಲ್ಲೇ ಸಾಗುತ್ತಿದ್ದರೆ, ಮಳೆ ಬಂದಾಗ ಮೇಲೆಯೇ ಸಿಕ್ಕಿಬೀಳುವ ಸಾಧ್ಯತೆಯಿದೆ.

ಅರಣ್ಯ ಇಲಾಖೆಯೋ ಉದ್ಯಾನದ ಆಡಳಿತವೋ ಪ್ರವೇಶ ನಿಷೇಧಿಸಿದ್ದರೆ ಅದನ್ನು ಮೀರಬಾರದು; ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ತೆರೆದಿದೆ ಎಂದಾದರೆ, ತಂಗುಮನೆಯವರಿಗೆ ಕರೆ ಮಾಡಿ, ವಿದ್ಯುತ್ ಮತ್ತು ನೀರು ಬಂದಿವೆಯೇ, ಮೊಬೈಲ್ ಸಂಪರ್ಕ ಸಿಗುತ್ತದೆಯೇ, ಮಳೆ ಬಂದರೆ ಜಾಗ ತೆರವು ಮಾಡುವ ಸೂಚನೆ ಯಾವ ಮೂಲಕ ತಲುಪುತ್ತದೆ ಎಂದು ವಿಚಾರಿಸಿ. ಅಂಥ ಸೂಚನೆ ಬಂದರೆ ಹಣ ಕಳೆದುಕೊಳ್ಳದೆ ಕಾಯ್ದಿರಿಸಿದ್ದನ್ನು ರದ್ದುಮಾಡುವ ಅವಕಾಶವಿದೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೊಟ್ಟ ಹಣ ವ್ಯರ್ಥವಾಗುತ್ತದೆ ಎಂಬ ಚಿಂತೆಯೇ ಅನೇಕರನ್ನು ಹೊರಡಬಾರದ ದಿನದಲ್ಲಿ ಹೊರಡಿಸುತ್ತದೆ.

ಮಳೆಯ ಲೆಕ್ಕ

ಕಾಡಿನ ನೆಲ ಮಳೆಯನ್ನು ತಾಳಿಕೊಳ್ಳುವುದು ಹಲವು ಆಸರೆಗಳಿಂದ. ಎಲೆಗಳು ಹನಿಯ ಪೆಟ್ಟನ್ನು ತಡೆಯುತ್ತವೆ, ತರಗೆಲೆಯ ಹಾಸು ನೀರನ್ನು ಹಿಡಿದಿಟ್ಟು ನಿಧಾನವಾಗಿ ಇಳಿಸುತ್ತದೆ, ಬೇರುಗಳು ಮಣ್ಣನ್ನು ಕಟ್ಟಿ ನಿಲ್ಲಿಸುತ್ತವೆ. ಬೆಂಕಿಯು ಎಲೆಯನ್ನೂ ಹಾಸನ್ನೂ ಒಂದೇ ದಿನದಲ್ಲಿ ಇಲ್ಲವಾಗಿಸುತ್ತದೆ. ಅದಕ್ಕಿಂತ ಗಂಭೀರವಾದ, ಕಣ್ಣಿಗೆ ಬೀಳದ ಬದಲಾವಣೆಯೊಂದು ಮಣ್ಣಿನೊಳಗೆ ನಡೆಯುತ್ತದೆ: ಉರಿಯುವ ಎಲೆ ಮತ್ತು ಕಡ್ಡಿಗಳಲ್ಲಿರುವ ಮೇಣದಂಥ ಪದಾರ್ಥಗಳು ಆವಿಯಾಗಿ ಕೆಳಗಿಳಿದು, ಕೆಲವು ಸೆಂಟಿಮೀಟರ್ ಆಳದ ತಂಪಾದ ಪದರದಲ್ಲಿ ಮಣ್ಣಿನ ಕಣಗಳ ಮೇಲೆ ಗಟ್ಟಿಗೊಂಡು, ನೀರನ್ನು ಒಳಗೆ ಬಿಡದ ಒಂದು ಪೊರೆಯನ್ನು ಕಟ್ಟುತ್ತವೆ. ಅದರ ಮೇಲೆ ಬಿದ್ದ ಮಳೆ ಕೆಸುವಿನೆಲೆಯ ಮೇಲಿನ ನೀರಿನಂತೆ ಇಂಗದೆ ಜಾರಿಹೋಗುತ್ತದೆ, ಹೋಗುವಾಗ ಸಡಿಲವಾದ ಬೂದಿಯನ್ನೂ ಮಣ್ಣನ್ನೂ ಜೊತೆಗೊಯ್ಯುತ್ತದೆ. ಈ ಪೊರೆ ಎಲ್ಲ ಕಡೆಯೂ ಒಂದೇ ಸಮನಾಗಿ ಇರುವುದಿಲ್ಲ. ತೆರೆದ, ಅಪಾಯವಿಲ್ಲದ ಜಾಗದಲ್ಲಿ ಆರಿದ ಬೂದಿಯನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ಒಣ ಮಣ್ಣಿನ ಮೇಲೆ ಕೆಲವು ಹನಿ ನೀರು ಬಿಟ್ಟು ನೋಡಿದರೆ ಅಂದಾಜು ಸಿಗುತ್ತದೆ: ಹನಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಇಂಗದೆ ನಿಂತರೆ ಆ ಮಣ್ಣು ನೀರನ್ನು ತಳ್ಳುತ್ತಿದೆ ಎಂದು ಮಣ್ಣುವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ.

ಇಂಥ ನೆಲದಲ್ಲಿ ದಿನವಿಡೀ ಬೀಳುವ ಜಿಟಿಜಿಟಿ ಮಳೆಗಿಂತ, ಅರ್ಧ ಗಂಟೆಯೊಳಗೆ ಬಿರುಸಾಗಿ ಹೊಡೆದು ಹೋಗುವ ಮಳೆಯೇ ಹೆಚ್ಚು ಅನಾಹುತ ಮಾಡುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಸುಟ್ಟ ಬೆಟ್ಟಗಳಲ್ಲಿ 30 ನಿಮಿಷದಲ್ಲಿ ಬಿದ್ದ ಕೇವಲ 7 ಮಿಲಿಮೀಟರ್ ಮಳೆಗೂ ಕೆಸರು ಪ್ರವಾಹ ಎದ್ದ ದಾಖಲೆಯಿದೆ. ಇದರಿಂದಾಗಿ ಹವಾಮಾನ ಮುನ್ಸೂಚನೆಯಲ್ಲಿ ಆ ದಿನ ಒಟ್ಟು ಎಷ್ಟು ಮಳೆ ಎಂಬುದನ್ನು ಮಾತ್ರ ನೋಡಿ ತೀರ್ಮಾನಿಸಬಾರದು; ಗುಡುಗುಮಳೆಯ ಸಾಧ್ಯತೆಯಿದೆ ಎಂಬ ಒಂದೇ ಸಾಲು ಪ್ರಯಾಣವನ್ನು ಮುಂದೂಡಲು ಸಾಕಾದ ಕಾರಣ. ನೀವಿರುವ ಜಾಗದಲ್ಲಿ ಬಿಸಿಲಿದ್ದು, ಮೇಲಿನ ಶಿಖರದಲ್ಲಿ ಮಾತ್ರ ಮಳೆ ಸುರಿಯುತ್ತಿರುವುದೂ ಬೆಟ್ಟದಲ್ಲಿ ಸಾಮಾನ್ಯ.

ಕೆಸರು ಪ್ರವಾಹದ ಅಪಾಯ ಬೆಂಕಿಯ ನಂತರದ ಮೊದಲ ಎರಡು ವರ್ಷಗಳಲ್ಲಿ ಅತಿ ಹೆಚ್ಚು. ಸುಟ್ಟ ಇಳಿಜಾರಿನ ಕೆಳಗಿರುವ ತಾಣವಾದರೆ, ಮಳೆಗಾಲದಲ್ಲಿ ಅಲ್ಲಿ ರಾತ್ರಿ ತಂಗುವುದನ್ನು ಈ ಎರಡು ವರ್ಷ ಸಂಪೂರ್ಣವಾಗಿ ಬಿಡುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರ. ಒಣಹವೆಯ ತಿಂಗಳುಗಳಲ್ಲಿ ಹೋಗಬಹುದು. ಆ ದಿನಗಳಲ್ಲಿ ಬೇರೆ ಬೆಂಕಿ ಏಳುವ ಸಂಭವವಿರುತ್ತದಾದ್ದರಿಂದ ಎರಡು ದಾರಿಗಳಿರುವ ತಾಣವನ್ನು ಆರಿಸಿಕೊಂಡರೆ ಮೇಲು.

ಆದರೂ ಮಳೆಯಲ್ಲಿ ಸಿಕ್ಕಿಕೊಂಡರೆ ಕೆಲವು ಲಕ್ಷಣಗಳ ಮೇಲೆ ಗಮನವಿರಲಿ. ಹಳ್ಳದ ನೀರು ಹಠಾತ್ತನೆ ಕೆಂಪಾಗಿಯೋ ಕಪ್ಪಾಗಿಯೋ ಬಣ್ಣ ಬದಲಿಸುವುದು, ಮಳೆ ಮುಂದುವರಿದಿದ್ದರೂ ಹರಿವು ಇದ್ದಕ್ಕಿದ್ದಂತೆ ಇಳಿಯುವುದು, ಮೇಲಿನಿಂದ ಬಂಡೆ ಉರುಳುವ, ಮರ ಸಿಡಿಯುವ, ನೆಲ ಗುಡುಗುವ ಸದ್ದು ಕೇಳಿಸುವುದು, ಇವೆಲ್ಲ ಪ್ರವಾಹ ಮೇಲಿನಿಂದ ಹೊರಟಿದೆ ಎಂಬುದರ ಗುರುತುಗಳು. ಆಗ ಹಳ್ಳದ ದಿಕ್ಕಿನಲ್ಲೇ ಕೆಳಕ್ಕೆ ಓಡಬಾರದು. ಅದು ಮನುಷ್ಯನಿಗಿಂತ ವೇಗವಾಗಿ ಬರುತ್ತದೆ. ಹಳ್ಳಕ್ಕೆ ಅಡ್ಡಲಾಗಿ, ಪಕ್ಕದ ಏರನ್ನು ಹತ್ತಿ ಹರಿವಿನ ದಾರಿಯಿಂದ ಹೊರಗೆ ಹೋಗಬೇಕು. ವಾಹನದಲ್ಲಿದ್ದರೆ ನೀರು ಹರಿಯುವ ರಸ್ತೆಯನ್ನು ದಾಟುವ ಸಾಹಸ ಬೇಡ: ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ನಡೆಯುವವರನ್ನು ಕೆಡವಬಲ್ಲದು, 30 ಸೆಂಟಿಮೀಟರ್ ಆದರೆ ಅನೇಕ ಕಾರುಗಳನ್ನು ತೇಲಿಸಬಲ್ಲದು, ಮತ್ತು ಕೆಸರು ಬೆರೆತ ನೀರಿನ ಬಲ ಇದಕ್ಕಿಂತಲೂ ಹೆಚ್ಚು.

ಮರ ಮತ್ತು ನೆಲ

ಮಳೆಯಿಲ್ಲದ ದಿನಗಳಲ್ಲಿ ಎದುರಾಗುವ ಮೊದಲ ಅಪಾಯ ಮರಗಳದ್ದು. ಕರಿಕಂಬದಂತೆ ನಿಂತ ಸತ್ತ ಮರವನ್ನು ಯಾರೂ ನಂಬುವುದಿಲ್ಲವಾದ್ದರಿಂದ ಅದರಿಂದ ದೂರವಿರುವುದು ಸುಲಭ. ಮೋಸ ಮಾಡುವುದು ತುದಿಯಲ್ಲಿ ಇನ್ನೂ ಹಸಿರಾಗಿರುವ ಮರ. ಬೆಂಕಿ ನೆಲಮಟ್ಟದಲ್ಲಿ ಹರಿದುಹೋದಾಗ ಬೊಡ್ಡೆಯ ಒಂದು ಮಗ್ಗುಲು ಅಥವಾ ಒಂದೆರಡು ಮುಖ್ಯ ಬೇರುಗಳು ಒಳಗೊಳಗೇ ಸುಟ್ಟು ಟೊಳ್ಳಾಗಿದ್ದು, ಮೇಲಿನ ಎಲೆಗಳಿಗೆ ಅದರ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಅಂಥ ಮರ ಗಾಳಿಯಿಲ್ಲದ ನಿಶ್ಚಲ ಮಧ್ಯಾಹ್ನದಲ್ಲೂ ಮುನ್ಸೂಚನೆಯಿಲ್ಲದೆ ಉರುಳಬಲ್ಲದು. ಮಳೆಯಾದ ಮರುದಿನ ಮಣ್ಣು ಸಡಿಲವಾಗಿರುವುದರಿಂದ ಈ ಸಂಭವ ಇನ್ನೂ ಹೆಚ್ಚು.

ಆದ್ದರಿಂದ ಸುಟ್ಟ ಕಾಡಿನ ಅಂಚಿನಲ್ಲಿ ನಡೆಯುವಾಗ ಆಗಾಗ ನಿಂತು ಮೇಲೆ ನೋಡಿ, ಮುರಿದು ಜೋತುಬಿದ್ದ ಕೊಂಬೆಗಳಿವೆಯೇ ಎಂದು ಗಮನಿಸಿ; ನಡೆಯುತ್ತಲೇ ಮೇಲೆ ನೋಡಲು ಹೋಗಿ ಎಡವುವುದು ಬೇಡ. ಬುಡದಲ್ಲಿ ಕರಿಗೂಡುಗಳು, ಸುತ್ತ ಬಿದ್ದ ಹೊಸ ಇದ್ದಿಲು, ಒಂದು ಕಡೆ ಎದ್ದ ಮಣ್ಣು ಅಥವಾ ಹೊಸದಾಗಿ ವಾಲಿದ ಕಾಂಡ ಕಂಡರೆ ಸುತ್ತುಬಳಸಿ ಹೋಗಿ. ವಾಹನ ನಿಲ್ಲಿಸುವಾಗ, ಊಟಕ್ಕೆ ಕೂರುವಾಗ, ವಿಶೇಷವಾಗಿ ಡೇರೆ ಹಾಕುವಾಗ, ಹಾನಿಗೊಂಡ ಮರದ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು ದೂರವಿರಲಿ. ಮರ ಬೀಳುವಾಗ ಪಕ್ಕದ ಮರವನ್ನೂ ಕೆಡವುವುದುಂಟು. ಗಾಳಿ ಬೀಸತೊಡಗಿದರೆ ನೋಡಿದ್ದು ಸಾಕೆಂದು ತೆರೆದ ಜಾಗಕ್ಕೆ ಮರಳಬೇಕು. ಹಾನಿಗೊಂಡ ದೊಡ್ಡ ಮರಗಳನ್ನು ಕಡಿಯುವ ಕೆಲಸ ಅನುಭವಿಗಳದ್ದು. ಒಳಗೆ ಟೊಳ್ಳಾದ ಮರ ಗರಗಸಕ್ಕೆ ಸಿಕ್ಕಾಗ ಯಾವ ಕಡೆ ಸೀಳುತ್ತದೆಂದು ಊಹಿಸುವುದು ಅವರಿಗೂ ಕಷ್ಟ.

ನೆಲದ ಅಪಾಯ ಇನ್ನೂ ಗುಪ್ತವಾದದ್ದು. ಹಳೆಯ ಮರದ ಬುಡ ಮತ್ತು ಬೇರುಗಳು ನೆಲದೊಳಗೇ ಉರಿದುಹೋದಾಗ ಅವುಗಳ ಜಾಗದಲ್ಲಿ ಪೊಳ್ಳು ಉಳಿದು, ಮೇಲೆ ಬೂದಿಯ ತೆಳು ಹೊದಿಕೆ ಮುಚ್ಚಿಕೊಂಡಿರುತ್ತದೆ. ಕೆಳಗೆ ಕೆಂಡ ಇನ್ನೂ ಜೀವಂತವಾಗಿರಬಹುದು. ಅದರ ಮೇಲೆ ಕಾಲಿಟ್ಟವರಿಗೆ ಮೊಣಕಾಲಿನ ತನಕ ಸುಟ್ಟ ಗಾಯಗಳಾಗಿವೆ. ಸುತ್ತಲಿನ ನೆಲಕ್ಕಿಂತ ಬೆಳ್ಳಗೆ, ನಯವಾಗಿ ಕಾಣುವ ಬೂದಿಯ ತೇಪೆ, ಸಣ್ಣಗೆ ಏಳುವ ಬಿಸಿಗಾಳಿ, ಹೊಗೆಯ ಎಳೆ ಅಥವಾ ಅಲ್ಲೇ ಸುಳಿದಾಡುವ ಕೀಟಗಳ ಗುಂಪು ಕಂಡರೆ ಆ ಜಾಗದ ಮೇಲೆ ಹೆಜ್ಜೆಯಿಡಬಾರದು. ದಪ್ಪ ತೊಗಲಿನ ಎತ್ತರದ ಬೂಟು ಮತ್ತು ಹತ್ತಿಯ ಉದ್ದ ಪ್ಯಾಂಟು ಇಲ್ಲಿ ಅಗತ್ಯ. ಕೃತಕ ನೂಲಿನ ಬಟ್ಟೆ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಮಕ್ಕಳನ್ನೂ ನಾಯಿಗಳನ್ನೂ ಇಂಥ ನೆಲದಲ್ಲಿ ಬಿಡಲೇಬಾರದು.

ಮನೆಯ ಬಾಗಿಲು ತೆರೆಯುವಾಗ

ನಿಮ್ಮದೇ ತಂಗುಮನೆಯಿದ್ದು, ಅದು ಸುಡದೆ ಉಳಿದಿದ್ದರೆ, ಒಳಗೆ ಹೋಗುವ ಮೊದಲು ಹೊರಗಿನಿಂದ ಒಂದು ಸುತ್ತು ಹಾಕಿ. ಗಾಳಿಯಲ್ಲಿ ತೂರಿಬರುವ ಕಿಡಿಗಳು ಚಾವಣಿಯ ಸಂದುಗಳಲ್ಲಿ, ಮಳೆನೀರಿನ ದೋಣಿಯಲ್ಲಿ ಕೂಡಿದ ಒಣ ಎಲೆಗಳಲ್ಲಿ, ಮರದ ಜಗಲಿಯ ಕೆಳಗೆ, ಸೌದೆಯ ರಾಶಿಯಲ್ಲಿ ಕುಳಿತು ಬಹಳ ಹೊತ್ತಿನ ಮೇಲೆ ಹೊತ್ತಿಕೊಳ್ಳುತ್ತವೆ. ತುಂಡಾದ ವಿದ್ಯುತ್ ತಂತಿಗಳಿವೆಯೇ, ಅನಿಲದ ವಾಸನೆ ಬರುತ್ತಿದೆಯೇ ನೋಡಿಕೊಳ್ಳಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ದೂರ ಹೋಗಿ ಅನಿಲ ಪೂರೈಸುವವರಿಗೆ ತಿಳಿಸಬೇಕು. ವಿದ್ಯುತ್ ಇಲ್ಲವೆಂದು ಜನರೇಟರ್ ಬಳಸುವುದಾದರೆ ಅದು ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ 6 ಮೀಟರ್‌ಗಿಂತ ದೂರವಿರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದಿನಗಟ್ಟಲೆ ವಿದ್ಯುತ್ ಇಲ್ಲದೆ ನಿಂತ ಫ್ರಿಜ್ಜಿನಲ್ಲಿದ್ದದ್ದನ್ನು ರುಚಿ ನೋಡದೆ ಎಸೆಯಬೇಕು. ಹಾನಿಯಾಗಿದ್ದರೆ ಸ್ವಚ್ಛಗೊಳಿಸುವ ಮೊದಲೇ ಪ್ರತಿ ಕೋಣೆಯ ಚಿತ್ರ ತೆಗೆದಿಟ್ಟುಕೊಳ್ಳುವುದು ವಿಮೆಯ ದೃಷ್ಟಿಯಿಂದ ಅವಶ್ಯ.

ಬೂದಿಯನ್ನು ಸಾಮಾನ್ಯ ದೂಳೆಂದು ತಿಳಿದು ಪೊರಕೆ ಹಿಡಿಯಬೇಡಿ. ಕಾಡಿನ ಬೂದಿ ನೀರು ತಾಗಿದೊಡನೆ ಕ್ಷಾರವಾಗಿ ಚರ್ಮವನ್ನು ಉರಿಸುತ್ತದೆ. ಹತ್ತಿರದಲ್ಲಿ ಕಟ್ಟಡಗಳೂ ಸುಟ್ಟಿದ್ದರೆ ಆ ಬೂದಿಯಲ್ಲಿ ಸೀಸ, ಆರ್ಸೆನಿಕ್, ಕಲ್ನಾರಿನಂಥ ವಿಷವಸ್ತುಗಳು ಬೆರೆತಿರಬಹುದು. ಎನ್95 ಮುಖಗವಸು, ಕೈಗವಸು, ತುಂಬುತೋಳಿನ ಬಟ್ಟೆ ಧರಿಸಿ, ಬೂದಿ ಹಾರದಂತೆ ನೀರನ್ನು ಹದವಾಗಿ ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಗಡ್ಡವಿದ್ದರೆ ಮುಖಗವಸು ಬಿಗಿಯಾಗಿ ಕೂರದೆ ಪ್ರಯೋಜನ ಕಡಿಮೆಯಾಗುತ್ತದೆ, ಮತ್ತು ಅದು ಕಣಗಳನ್ನು ತಡೆಯುತ್ತದೆಯೇ ಹೊರತು ಅನಿಲಗಳನ್ನಲ್ಲ. ಎಲೆ ಊದುವ ಯಂತ್ರ ಮತ್ತು ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ಗಳು ನುಣ್ಣನೆಯ ಬೂದಿಯನ್ನು ಮತ್ತೆ ಗಾಳಿಗೇ ಹರಡುತ್ತವೆ. ಗೋಡೆಯ ಮೇಲಿನ ಮಸಿಯನ್ನು ಮೊದಲು ಒಣ ಸ್ಪಂಜಿನಿಂದ ಎತ್ತಿ, ಆಮೇಲೆ ಸೌಮ್ಯವಾದ ಸಾಬೂನು ನೀರಿನಿಂದ ಒರೆಸಿದರೆ ಕಲೆ ಹರಡುವುದಿಲ್ಲ. ಪರದೆ, ಹಾಸಿಗೆಗಳಲ್ಲಿ ಕೂತ ಹೊಗೆವಾಸನೆ ಒಗೆತ ಮತ್ತು ಗಾಳಿಬೆಳಕಿನಿಂದ ಮಾತ್ರ, ಅದೂ ನಿಧಾನವಾಗಿ ಹೋಗುತ್ತದೆ.

ವಿಮಾನದಿಂದ ಸುರಿದ ಕೆಂಪು ಅಗ್ನಿನಿರೋಧಕ ಗೋಡೆಗಳಿಗೆ ಅಂಟಿದ್ದರೆ, ಅದು ಬಹುತೇಕ ಅಮೋನಿಯಂ ಫಾಸ್ಫೇಟ್ ಎಂಬ ರಸಗೊಬ್ಬರದ ಜಾತಿಯ ಲವಣ. ಆ ಕೆಂಪು ಅದಕ್ಕೆ ಬೆರೆಸಿದ ಬಣ್ಣ. ನೀರು ಮತ್ತು ಮೆದು ಬ್ರಷ್ಷಿನಿಂದ ತಿಕ್ಕಿ ತೊಳೆಯಬಹುದು. ಬ್ಲೀಚ್ ಬಳಸಿದರೆ ಅಮೋನಿಯದೊಂದಿಗೆ ಸೇರಿ ವಿಷಾನಿಲ ಏಳುತ್ತದೆ. ತೊಳೆದ ನೀರು ತೊರೆಗೆ ಸೇರದಂತೆ ನೋಡಿಕೊಳ್ಳಿ, ಮೀನುಗಳಿಗೆ ಅದು ಮಾರಕ.

ಕುಡಿಯುವ ನೀರಿನ ವಿಷಯದಲ್ಲಿ ಜನ ಸಾಮಾನ್ಯವಾಗಿ ನಂಬುವ ಉಪಾಯ ಇಲ್ಲಿ ಕೈಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಟಬ್ಸ್ ಬೆಂಕಿಯ ನಂತರ ಸಾಂತಾ ರೋಸಾ ನಗರದಲ್ಲೂ, 2018ರ ಕ್ಯಾಂಪ್ ಬೆಂಕಿಯ ನಂತರ ಪ್ಯಾರಡೈಸ್ ಪಟ್ಟಣದಲ್ಲೂ ನಲ್ಲಿ ನೀರಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ಪತ್ತೆಯಾಯಿತು. ಕೊಳವೆಗಳಲ್ಲಿ ಒತ್ತಡ ಕುಸಿದಾಗ ಹೊಗೆಯೂ ಕಲ್ಮಷವೂ ಅವುಗಳೊಳಗೆ ಸೆಳೆಯಲ್ಪಡುತ್ತವೆ, ಪ್ಲಾಸ್ಟಿಕ್ ಕೊಳವೆಗಳು ಬಿಸಿಗೆ ಕೆಟ್ಟು ತಾವೇ ಇಂಥ ರಾಸಾಯನಿಕಗಳನ್ನು ಬಿಡುತ್ತವೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಬೆಂಜೀನ್‌ನಂಥ ಪದಾರ್ಥ ಆವಿಯಾಗಿ ನೀವು ಉಸಿರಾಡುವ ಗಾಳಿಗೆ ಬರುತ್ತದೆ. ಹಾಗಾಗಿ ಪೂರೈಕೆ ಮಾಡುವವರು ಪರೀಕ್ಷೆಯ ನಂತರ ಸುರಕ್ಷಿತವೆಂದು ಹೇಳುವ ತನಕ ನೀರನ್ನು ಹೊರಗಿನಿಂದಲೇ ಒಯ್ಯಬೇಕು. ಸ್ವಂತ ಬಾವಿಯಿದ್ದರೆ ಬಾಯಿಕಟ್ಟೆ, ಪಂಪು, ಕೊಳವೆಗಳಿಗೆ ಬಿಸಿ ತಾಗಿದೆಯೇ ನೋಡಿ, ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ತೊರೆಯ ನೀರು ಬೂದಿ ಬೆರೆತು ಕದಡಿದ್ದರೆ, ನೇರಳಾತೀತ ಕಿರಣದಿಂದ ಶುದ್ಧಿಮಾಡುವ ಕೈಉಪಕರಣ ಕೆಲಸಕ್ಕೆ ಬಾರದು; ತೇಲುವ ಕಣಗಳ ನೆರಳಿನಲ್ಲಿ ರೋಗಾಣುಗಳು ಉಳಿದುಬಿಡುತ್ತವೆ. ಬೂದಿಯ ರಂಜಕ ಮತ್ತು ಸಾರಜನಕ ಸೇರಿದ ಕೆರೆಗಳಲ್ಲಿ ವಿಷಕಾರಿ ಪಾಚಿ ಬೆಳೆಯುವ ಸಂಭವವಿರುವುದರಿಂದ, ನೀರಿನ ಮೇಲೆ ಹಸಿರು ಕೆನೆ ಕಂಡರೆ ಈಜುವುದು ಬೇಡ.

ಹೊಗೆಯ ಬಗ್ಗೆ ಒಂದು ಮಾತು. ಬೆಟ್ಟಗಳಲ್ಲಿ ರಾತ್ರಿ ತಂಪು ಗಾಳಿ ಕಣಿವೆಗೆ ಇಳಿದು ಕೂರುವುದರಿಂದ ಉಳಿದ ಹೊಗೆಯೂ ಅಲ್ಲೇ ತಂಗಿ, ಬಿಸಿಲೇರಿದ ಮೇಲೆ ಮೇಲೆದ್ದು ಚದುರುತ್ತದೆ. ಎಂದಿನಂತೆ ಮುಂಜಾನೆಯ ನಡಿಗೆಗೆ ಹೊರಡುವ ಬದಲು ಮಧ್ಯಾಹ್ನದ ಹೊತ್ತನ್ನು ಆರಿಸಿಕೊಳ್ಳಿ. ಆಸ್ತಮಾ ಅಥವಾ ಹೃದ್ರೋಗ ಇರುವವರು, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಹೊಗೆ ಪೂರ್ತಿ ತಿಳಿಯಾಗುವ ತನಕ ಬಾರದಿರುವುದೇ ಉತ್ತಮ.

ಹಳೆಯ ದಾರಿಗಳಲ್ಲಿ ಹೊಸ ನಡಿಗೆ

ಕಣ್ಣುಮುಚ್ಚಿ ನಡೆಯಬಲ್ಲೆನೆಂದುಕೊಂಡಿದ್ದ ಕಾಲುದಾರಿಯಲ್ಲಿ ಬೆಂಕಿಯ ನಂತರ ದಿಕ್ಕು ತಪ್ಪುವುದು ತೀರ ಸುಲಭ. ಗುರುತಿಗೆ ಇದ್ದ ಮರ, ಫಲಕ, ಬೇಲಿ ಯಾವುದೂ ಉಳಿದಿರುವುದಿಲ್ಲ. ಪೊದೆಗಳು ಸುಟ್ಟು ಎಲ್ಲ ಕಡೆಯೂ ದಾರಿಯಂತೆಯೇ ಕಾಣುತ್ತದೆ. ಮರದ ಸೇತುವೆ ಮತ್ತು ಮೆಟ್ಟಿಲುಗಳು ಮೇಲ್ನೋಟಕ್ಕೆ ಗಟ್ಟಿಯಾಗಿದ್ದು ಕೆಳಗಿನ ಆಸರೆ ಸುಟ್ಟಿರಬಹುದು. ಮಣ್ಣನ್ನು ತಡೆದು ನಿಲ್ಲಿಸಿದ್ದ ಹುಲ್ಲು ಹೋದದ್ದರಿಂದ ಮೇಲಿನಿಂದ ಕಲ್ಲುಗಳು ಸಣ್ಣ ಕಾರಣಕ್ಕೂ ಉರುಳುತ್ತವೆ. ನೆರಳಿಲ್ಲದ್ದರಿಂದ ಬಿಸಿಲಿನ ಝಳ ಹೆಚ್ಚಿ, ಹಿಂದೆ ಸಾಕಾಗುತ್ತಿದ್ದ ನೀರು ಈಗ ಸಾಲದೆ ಹೋಗುತ್ತದೆ. ಕಾಗದದ ನಕ್ಷೆಯನ್ನು ಜೊತೆಗಿಟ್ಟುಕೊಳ್ಳಿ, ಎಲ್ಲಿಗೆ ಹೋಗುತ್ತಿದ್ದೀರಿ ಮತ್ತು ಯಾವ ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಕೆಳಗಿರುವ ಒಬ್ಬರಿಗೆ ಹೇಳಿ ಹೊರಡಿ.

ಮುಚ್ಚಿದ ದಾರಿಗಳು ತೆರೆಯಲು ಎಷ್ಟು ಕಾಲ ಬೇಕು ಎಂಬ ಬಗ್ಗೆ ನಿರೀಕ್ಷೆಯನ್ನು ತಗ್ಗಿಸಿಕೊಳ್ಳುವುದು ಒಳ್ಳೆಯದು. ಅಮೆರಿಕದ ಆರೆಗನ್ ರಾಜ್ಯದ ಈಗಲ್ ಕ್ರೀಕ್ ಕಾಲುದಾರಿ 2017ರ ಸೆಪ್ಟೆಂಬರ್‌ನ ಬೆಂಕಿಯ ನಂತರ 3 ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು, ತೆರೆದ ಮೇಲೂ ಕುಸಿತಗಳಿಂದಾಗಿ ಮತ್ತೆ ಮತ್ತೆ ಮುಚ್ಚಬೇಕಾಯಿತು.

ತೆರೆದ ದಾರಿಯಲ್ಲಿ ಅಂಚು ಬಿಟ್ಟು ಆಚೆ ಕಾಲಿಡಬಾರದು. ಇದು ಬರಿಯ ಶಿಸ್ತಿನ ಮಾತಲ್ಲ: ಸುಟ್ಟ ನೆಲದ ಮೇಲ್ಪದರ ಬಹಳ ಮೆತ್ತಗಿದ್ದು, ಒಂದು ಹೆಜ್ಜೆಗುರುತು ಕೂಡ ಮುಂದಿನ ಮಳೆಗೆ ಕೊರಕಲಿನ ಮೊದಲಾಗಬಲ್ಲದು, ಅಲ್ಲೇ ಮೊಳಕೆಗಳೂ ಏಳುತ್ತಿರುತ್ತವೆ. ಬೂಟು ಮತ್ತು ಚಕ್ರಗಳಿಗೆ ಅಂಟಿದ ಮಣ್ಣನ್ನು ಹೊರಡುವ ಮೊದಲೇ ತೊಳೆದುಕೊಳ್ಳಬೇಕು, ಏಕೆಂದರೆ ಸ್ಪರ್ಧೆಯಿಲ್ಲದ ಬರಿನೆಲಕ್ಕೆ ಹೊರಗಿನ ಕಳೆಯ ಬೀಜ ಬಿದ್ದರೆ ಅದೇ ಮೊದಲು ಬೇರೂರುತ್ತದೆ. ಮರುಕದಿಂದ ಚೀಲ ತುಂಬ ಬೀಜ ತಂದು ಎರಚುವವರು ಇದೇ ಕಾರಣಕ್ಕೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತಾರೆ. ನೆಡುವುದು ಅಗತ್ಯವಿದೆಯೇ, ಯಾವ ಗಿಡ, ಎಂದು ಎಂಬುದನ್ನು ಅರಣ್ಯ ಸಿಬ್ಬಂದಿ ಹೇಳಿದ ಮೇಲೆ ಅವರೊಡನೆ ಕೈಜೋಡಿಸಬಹುದು. ಗಾಯಗೊಂಡ ಪ್ರಾಣಿ ಕಂಡರೆ ಹತ್ತಿರ ಹೋಗದೆ, ತಿನ್ನಲು ಹಾಕದೆ, ಜಾಗವನ್ನು ಗುರುತಿಟ್ಟುಕೊಂಡು ಅವರಿಗೇ ತಿಳಿಸಿ.

ಕಾಡು ಹೇಗೆ ಮರಳುತ್ತದೆ ಎಂಬುದು ಆ ಕಾಡಿನ ಸ್ವಭಾವಕ್ಕೆ ಬಿಟ್ಟದ್ದು, ಮತ್ತು ಇದನ್ನು ತಿಳಿದು ಹೋದವರಿಗೆ ನೋಡಲು ಬಹಳಷ್ಟಿರುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಸುಮಾರು ಶೇ. 36ರಷ್ಟು ಭಾಗ 1988ರ ಬೆಂಕಿಗಳಲ್ಲಿ ಸಿಕ್ಕಿತ್ತು. ಅಲ್ಲಿನ ಲಾಡ್ಜ್‌ಪೋಲ್ ಪೈನ್ ಮರಗಳ ಅನೇಕ ಕಾಯಿಗಳು ರಾಳದಿಂದ ಮುಚ್ಚಿಕೊಂಡಿದ್ದು ಬೆಂಕಿಯ ಬಿಸಿಗೇ ತೆರೆದು ಬೀಜ ಸುರಿಸುವಂಥವಾದ್ದರಿಂದ ಕಾಡು ತಾನಾಗಿ ಎದ್ದಿತು. ಆಸ್ಟ್ರೇಲಿಯಾದ ಅನೇಕ ನೀಲಗಿರಿ ಜಾತಿಯ ಮರಗಳು ಕರಕಲಾದ ಕಾಂಡದ ಉದ್ದಕ್ಕೂ ತೊಗಟೆಯ ಒಳಗಿನ ಮೊಗ್ಗುಗಳಿಂದ ಚಿಗುರೊಡೆದು, ಕಂಬಕ್ಕೆ ಹಸಿರು ತುಪ್ಪಳ ಹೊದಿಸಿದ ಹಾಗೆ ಕಾಣುತ್ತವೆ. ಉತ್ತರ ಅಮೆರಿಕದ ಕಪ್ಪುಬೆನ್ನಿನ ಮರಕುಟಿಗ ಹುಳುಗಳನ್ನು ಅರಸಿ ಸುಟ್ಟ ಕಾಡಿಗೇ ಬಂದು ನೆಲಸುತ್ತದೆ. ಎಲ್ಲ ಕಾಡುಗಳೂ ಹೀಗಿಲ್ಲ. ಪಶ್ಚಿಮ ಘಟ್ಟದ ಎತ್ತರದಲ್ಲಿ ಹುಲ್ಲುಗಾವಲು ಬೆಂಕಿಯ ನಂತರ ಬೇಗನೆ ಚಿಗುರುತ್ತದೆ, ಪಕ್ಕದ ಶೋಲಾ ಕಾಡಿನ ಮರಗಳಿಗೆ ಬೆಂಕಿಯನ್ನು ತಾಳುವ ಶಕ್ತಿ ಇಲ್ಲವೇ ಇಲ್ಲ. ಆದ್ದರಿಂದ ಬೆಂಕಿಯಿಂದ ಕಾಡಿಗೆ ಒಳ್ಳೆಯದೇ ಎಂಬ ಮಾತನ್ನೂ, ಎಲ್ಲವೂ ಮುಗಿಯಿತು ಎಂಬ ಮಾತನ್ನೂ ಆ ಜಾಗದ ಮರಗಳನ್ನು ಅರಿಯದೆ ಆಡುವಂತಿಲ್ಲ.

ಅಲ್ಲಿನ ಜನರ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಬೆಂಕಿ ಮುಟ್ಟದ ಊರುಗಳೂ ಪ್ರವಾಸಿಗರು ಬಾರದೆ ಆದಾಯ ಕಳೆದುಕೊಂಡಿರುತ್ತವೆ. ಸುರಕ್ಷಿತವೆಂದು ಖಚಿತವಾದ ಮೇಲೆ ಹೋಗಿ ತಂಗುವುದೇ ಅವರಿಗೆ ನೆರವು. ಮನೆ ಕಳೆದುಕೊಂಡವರ ಅಂಗಳದ ಮುಂದೆ ವಾಹನ ನಿಲ್ಲಿಸಿ ಚಿತ್ರ ತೆಗೆಯುವುದು, ಅವರಾಗಿ ಹೇಳದ ಕಥೆಯನ್ನು ಕೆದಕುವುದು ಸಭ್ಯತೆಯಲ್ಲ. ತೆರವು ಕೆಲಸದ ಭಾರೀ ವಾಹನಗಳಿಗೆ ಕಿರಿದಾದ ರಸ್ತೆಗಳಲ್ಲಿ ದಾರಿ ಬಿಡಿ.

ಸ್ವಂತ ಮನೆಯಿರುವವರ ಕೆಲಸ ಮೊದಲ ಭೇಟಿಗೆ ಮುಗಿಯುವುದಿಲ್ಲ. ಪ್ರತಿ ಮಳೆಗಾಲಕ್ಕೂ ಮುನ್ನ ಮೋರಿ ಮತ್ತು ಚರಂಡಿಗಳಲ್ಲಿ ಕಟ್ಟಿದ ಹೂಳು ತೆಗೆಸಬೇಕು, ಏಕೆಂದರೆ ಮೊದಲಿನ ಕಾಡಿನ ನೀರಿಗೆ ಅಳತೆಮಾಡಿ ಹಾಕಿದ ಕೊಳವೆಗಳು ಈಗಿನ ಹರಿವಿಗೂ ಹೂಳಿಗೂ ಸಾಲುವುದಿಲ್ಲ. ಮೊದಲೆರಡು ವರ್ಷ ದಾಟಿ, ಬೆಟ್ಟದ ಮೇಲೆ ಹಸಿರು ಮೂಡಿದ ಮೇಲೂ ಇನ್ನೊಂದು ಅಪಾಯ ತಡವಾಗಿ ಬರುತ್ತದೆ: ಸತ್ತ ಮರಗಳ ಬೇರುಗಳು ವರ್ಷಗಳ ಕಾಲ ಮಣ್ಣನ್ನು ಹಿಡಿದಿಟ್ಟು, ಆಮೇಲೆ ಕೊಳೆತು ಹಿಡಿತ ಬಿಡುತ್ತವೆ, ಹೊಸ ಗಿಡಗಳ ಬೇರು ಆ ಆಳವನ್ನು ಇನ್ನೂ ಮುಟ್ಟಿರುವುದಿಲ್ಲ. ಆ ವರ್ಷಗಳಲ್ಲಿ ಸಮಸ್ಯೆ ಮೇಲ್ಮಣ್ಣಿನದಲ್ಲ, ಇಡೀ ಇಳಿಜಾರೇ ಜಾರುವಂಥದ್ದು. ಮನೆಯ ಹಿಂದಿನ ದಿಬ್ಬದಲ್ಲಿ ಅರ್ಧಚಂದ್ರಾಕಾರದ ಬಿರುಕು, ಹಿಂದೆ ಇಲ್ಲದ ಜಾಗದಲ್ಲಿ ಒಸರುವ ನೀರು, ಉಬ್ಬಿದ ತಡೆಗೋಡೆ, ವಾಲಿದ ಬೇಲಿಕಂಬ, ಸರಿಯಾಗಿ ಮುಚ್ಚಿಕೊಳ್ಳದ ಬಾಗಿಲು ಇವುಗಳಲ್ಲಿ ಯಾವುದನ್ನು ಕಂಡರೂ ಮಳೆ ಬಲಗೊಳ್ಳುವ ಮೊದಲೇ ಮನೆ ತೆರವು ಮಾಡಿ, ಭೂವಿಜ್ಞಾನ ಅಥವಾ ಮಣ್ಣಿನ ಎಂಜಿನಿಯರಿಂಗ್ ಬಲ್ಲವರಿಂದ ಇಳಿಜಾರನ್ನು ಪರೀಕ್ಷೆ ಮಾಡಿಸಿ.